ಧೋಂಡಿಯಾ ವಾಘ್
ಧೋಂಡಿಯಾ ವಾಘ್ (ಮರಣ 1800): ಹೈದರ್, ಟಿಪ್ಪು ಇಬ್ಬರ ಸೈನ್ಯದಲ್ಲೂ ಇದ್ದು, ಟಿಪ್ಪುವಿನ ಪತನಾನಂತರ ತುಂಗಭದ್ರೆಯ ಎರಡೂ ದಡಗಳಲ್ಲಿ ಬ್ರಿಟಿಷರ ವಿರುದ್ಧ ದಂಡೆತ್ತಿದ ಸೇನಾನಿ. ಹುಟ್ಟೂರು ಚನ್ನಗಿರಿ. ಮೂರನೆಯ ಮೈಸೂರು ಯುದ್ಧಕಾಲದಲ್ಲಿ ಟಿಪ್ಪುವಿನ ಸೇವೆ ತೊರೆದು, ಧಾರವಾಡ ಸೀಮೆಯಲ್ಲಿ ಸ್ವಂತ ಪಡೆ ಕಟ್ಟಿ ಸುಲಿಗೆಗಿಳಿದ. 1794ರಲ್ಲಿ ಮರಾಠರ ಒತ್ತಡಕ್ಕೆ ಸಿಲುಕಿ ಟಿಪ್ಪುವಿನ ಬಳಿಗೆ ಮರಳಿದನಾದರೂ, ಮತಾಂತರಕ್ಕೊಳಗಾಗಿ ಮಲಿಕ್ ಜಹಾನ್ ಖಾನ್ ಎನಿಸಿಕೊಂಡು ಕೊನೆಗೆ ಶ್ರೀರಂಗಪಟ್ಟಣದ ಸೆರೆ ಸೇರಿದ. 1799ರ ಮೇ 4ರಂದು ಕೋಟೆ ಬಿದ್ದಾಗ ಬಿಡುಗಡೆಯಾಯಿತು.

ಟಿಪ್ಪುವಿನ ಚದುರಿದ ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ಆಕ್ರಮಿಸಿದ. ಅದೇ ವರ್ಷ ಶಿಕಾರಿಪುರದಲ್ಲಿ ಸೋತು, ಮರಾಠರ ನೆಲಕ್ಕೆ ದಾಟಿ, 'ಉಭಯ ಲೋಕಾಧೀಶ್ವರ' ಎಂಬ ಬಿರುದು ಧರಿಸಿದ. ಬಿರುದಿನಷ್ಟು ದೊಡ್ಡ ರಾಜ್ಯ ಅವನಿಗೆಂದೂ ದಕ್ಕಲಿಲ್ಲ. 1800ರ ಜೂನ್ 30ರಂದು ಕಿತ್ತೂರಿನ ಬಳಿ ಮರಾಠಾ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದದ್ದು ಅವನ ದೊಡ್ಡ ಜಯ.

ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಜುಲೈ 14ರಂದು ಕುಂದಗೋಳವನ್ನೂ, 26ರಂದು ಈಗಿನ ಮುಂಡರಗಿ ತಾಲ್ಲೂಕಿನ ಡಂಬಳ ಕೋಟೆಯನ್ನೂ ವಶಪಡಿಸಿಕೊಂಡ. 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯಾನ ಸಾಮಾನು-ಸರಂಜಾಮಿನ ಬಿಡಾರ ನಾಶವಾಯಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಕಾಳಗದಲ್ಲಿ, ವೆಲ್ಲೆಸ್ಲಿ ಸ್ವತಃ ಮುನ್ನಡೆಸಿದ ನಾಲ್ಕು ಅಶ್ವದಳಗಳ ದಾಳಿಗೆ ಧೋಂಡಿಯಾ ಬಲಿಯಾದ. ಅವನ ಬಿಡಾರದಲ್ಲಿ ಸಿಕ್ಕ, ಅವನ ದತ್ತುಪುತ್ರನೆನ್ನಲಾದ ಬಾಲಕ ಸಲಾಬತ್ ಖಾನನ ಪೋಷಣೆಯನ್ನು ವೆಲ್ಲೆಸ್ಲಿಯೇ ವಹಿಸಿಕೊಂಡ. ಸ್ವತಂತ್ರ ದಂಡನಾಯಕನಾಗಿ ವೆಲ್ಲೆಸ್ಲಿ ನಡೆಸಿದ ಮೊದಲ ದೊಡ್ಡ ದಂಡಯಾತ್ರೆಯಿದು; ವೆಲಿಂಗ್ಟನ್ನಿನ ಡ್ಯೂಕನಾಗಿ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ.