ನೋವು ಭುಜದ್ದು, ಕಾಯಿಲೆ ಲಿವರ್‌ದು: ದಂಡಿನ ಕಾಲದ ಒಂದು ಸುಳಿವು

ಈ ಎಪಿಸೋಡ್ ಹುಟ್ಟಿದ್ದು ನಮ್ಮ ದೊಡ್ಡಪ್ಪನ ಬಲಭುಜದಿಂದ. ಹಲಸೂರು ಮಾರ್ಕೆಟ್ ಹತ್ರ ಅವರದ್ದೊಂದು ಸಣ್ಣ ಪಾತ್ರೆ ಅಂಗಡಿ. ಮೂರು ವಾರ ಭುಜ ನೋವು ಅಂತಿದ್ರು. ಮೂಟೆ ಎತ್ತಿ ಉಳುಕಿರಬೇಕು ಅಂತ ದೊಡ್ಡಮ್ಮ ಎಣ್ಣೆ ಕಾಯಿಸಿ ಉಜ್ಜಿದ್ರು. ಒಂದು ಕ್ಲಿನಿಕ್‌ನಲ್ಲಿ ಮುಟ್ಟಿಯೂ ನೋಡದೆ ನೋವಿನ ಮಾತ್ರೆ ಬರ್ಕೊಟ್ರು. ಸಂಜೆ ಹೊತ್ತು ಜ್ವರ ಬರ್ತಿತ್ತು, ಊಟ ಸೇರ್ತಿರಲಿಲ್ಲ. ಅದನ್ನ ಭುಜದ ಜೊತೆ ಸೇರಿಸಿ ಯಾರೂ ಯೋಚನೆ ಮಾಡ್ಲಿಲ್ಲ. ನಾನೂ ಮಾಡ್ಲಿಲ್ಲ.

ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಭುಜ ಬಿಟ್ಟು ಬಲಪಕ್ಕೆಯ ಕೆಳಗೆ ಬೆರಳಿಂದ ಒತ್ತಿದ್ರು. ದೊಡ್ಡಪ್ಪ ಕಿರುಚಿಬಿಟ್ರು. ಸ್ಕ್ಯಾನ್‌ನಲ್ಲಿ ಕಂಡಿದ್ದು ಲಿವರ್ ಒಳಗೆ ಕೀವು ತುಂಬಿದ ಗಡ್ಡೆ. ಕೆಟ್ಟ ನೀರು, ಊಟದ ಮೂಲಕ ಹೊಟ್ಟೆ ಸೇರೋ ಅಮೀಬಾದಿಂದ ಬರೋದು. "ಇದು ದಂಡಿನ ಕಾಲದ ಕಾಯಿಲೆ ಕಣಪ್ಪ" ಅಂದ್ರು ಡಾಕ್ಟರು. ಬಿಕಾಂ ಓದಿದ ನಾನು ಆ ಒಂದು ಮಾತು ಹಿಡ್ಕೊಂಡು ಹುಡುಕೋಕೆ ಕೂತೆ.

1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯ ಬಂದು ಹಲಸೂರಿನ ಕಡೆ ನೆಲೆ ನಿಂತಿತು. ಕಂಟೋನ್ಮೆಂಟನ್ನ ನಮ್ಮಜ್ಜಿ ಈಗಲೂ ದಂಡು ಅಂತಲೇ ಕರೆಯೋದು. ಹವೆ ತಂಪು, ನಿಜ. ಆದ್ರೆ ನೀರು? ಕೆರೆ, ಬಾವಿ. ಸ್ಯಾಂಕಿ ಕೆರೆ ಕಟ್ಟಿದ್ದೇ 1882ರಲ್ಲಿ, ಹೆಸರಘಟ್ಟದ ನೀರು ಬಂದಿದ್ದು 1890ರ ದಶಕದಲ್ಲಿ. ಮದ್ರಾಸ್ ಪ್ರಾಂತ್ಯದ ಬಿಳಿ ಸಿಪಾಯಿಗಳನ್ನ ಕಾಡಿದ ರೋಗಗಳಲ್ಲಿ ರಕ್ತಭೇದಿ ಮತ್ತು ಲಿವರ್ ಬಾವು ಮುಖ್ಯವಾದವು. ಎಕ್ಸ್‌ರೇ ಕಂಡುಹಿಡಿದಿದ್ದು 1895ರಲ್ಲಿ, ಸ್ಕ್ಯಾನ್ ಅಂತೂ ಕನಸಿನ ಮಾತು. ಹಾಗಾಗಿ ಜ್ವರದ ಸಿಪಾಯಿ ಬಲಭುಜ ಹಿಡ್ಕೊಂಡು ಬಂದ್ರೆ ಮಿಲಿಟರಿ ವೈದ್ಯರು ಲಿವರ್ ಮೇಲೆ ಅನುಮಾನ ಪಡ್ತಿದ್ರು. ಆಮೇಲೆ ಸೂಜಿ ಚುಚ್ಚಿ ಕೀವು ಹುಡುಕೋದು. ಅರಿವಳಿಕೆ ಇಲ್ಲದ ಕಾಲದಲ್ಲಿ ಅದು ಹೇಗಿತ್ತೋ, ಊಹಿಸೋಕೂ ಭಯ.

ಸುಳಿವು ಅವರಿಗೂ ಹಳೆಯದೇ. ಸುಮಾರು 2000 ವರ್ಷದ ಹಿಂದೆ ರೋಮ್‌ನ ಸೆಲ್ಸಸ್, ಲಿವರ್ ನೋವು ಅದೇ ಪಕ್ಕದ ಭುಜದವರೆಗೂ ಹೋಗುತ್ತೆ ಅಂತ ಬರೆದಿದ್ದ. ಯಾಕೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಉತ್ತರ ನಂಗೆ ತುಂಬಾ ಇಷ್ಟವಾಯ್ತು. ಶಿವಾಜಿನಗರದಿಂದ ಕೆ.ಆರ್. ಪುರಂಗೆ ಮನೆ ಬದಲಾಯಿಸಿದ್ರೂ ರೇಷನ್ ಕಾರ್ಡ್‌ನಲ್ಲಿ ಹಳೇ ವಿಳಾಸವೇ ಇರುತ್ತಲ್ಲ, ಹಾಗೆ. ಲಿವರ್ ಮೇಲೆ ಇರೋ ವಪೆ, ಅಂದ್ರೆ ಉಸಿರಾಟದ ಸ್ನಾಯು, ಭ್ರೂಣದಲ್ಲಿ ಮೊದಲು ರೂಪುಗೊಳ್ಳೋದು ಕತ್ತಿನ ಹತ್ರ. ಆಮೇಲೆ ಕೆಳಗೆ ಇಳಿಯುತ್ತೆ, ಆದ್ರೆ ತನ್ನ ನರವನ್ನ ಕತ್ತಿನಿಂದಲೇ ಎಳ್ಕೊಂಡು ಬರುತ್ತೆ. ಭುಜದ ಚರ್ಮದ ನರ ಬೆನ್ನುಹುರಿ ಸೇರೋದೂ ಅಲ್ಲೇ. ಗಡ್ಡೆ ವಪೆಯನ್ನ ಕೆರಳಿಸಿದಾಗ ದೂರು ಹಳೇ ವಿಳಾಸದಿಂದ ಹೋಗುತ್ತೆ. ಮೆದುಳು ಭುಜ ನೋಯ್ತಿದೆ ಅಂದ್ಕೊಳ್ಳುತ್ತೆ.

ಇಂಥ ವಿಳಾಸಗಳ ನಕ್ಷೆ ಬರೆದವರಲ್ಲಿ ಮುಖ್ಯ ಹೆಸರು ಲಂಡನ್ನಿನ ಹೆನ್ರಿ ಹೆಡ್. 1893ರಲ್ಲಿ, ಒಳಗಿನ ಯಾವ ಅಂಗ ಕೆಟ್ಟರೆ ಚರ್ಮದ ಯಾವ ಭಾಗ ನೋಯುತ್ತೆ ಅಂತ ಗುರುತು ಮಾಡಿದ. ಅವನಿಗೆ ನೆರವಾಗಿದ್ದು ನಮ್ಮ ಸರ್ಪಸುತ್ತು! ಅದರ ಗುಳ್ಳೆಗಳು ಒಂದೊಂದು ನರದ ದಾರಿಯಲ್ಲೇ ಏಳ್ತವಲ್ಲ.

ಎಲ್ಲ ಭುಜನೋವೂ ಲಿವರ್ ಅಲ್ಲ, ಗಾಬರಿ ಬೇಡ. 1896ರಲ್ಲಿ ಬೆಂಗಳೂರು ದಂಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ಗೂ ಬಲಭುಜದ ತೊಂದರೆ ಇತ್ತು. ಬಾಂಬೆಯಲ್ಲಿ ದೋಣಿಯಿಂದ ಇಳಿಯುವಾಗ ಉಳುಕಿದ್ದು, ಅಷ್ಟೇ. ಆದ್ರೆ ಜ್ವರ ಜೊತೆಗಿದ್ರೆ ಎಣ್ಣೆ ಬಾಟ್ಲಿ ಪಕ್ಕಕ್ಕಿಡಿ. ಎಡತೋಳು, ದವಡೆ ನೋವಿನ ಜೊತೆ ಬೆವರು, ಎದೆ ಭಾರ ಬಂದ್ರೆ "ಗ್ಯಾಸ್ಟ್ರಿಕ್ ಇರ್ಬೇಕು" ಅನ್ನದೆ 108ಕ್ಕೆ ಕರೆ ಮಾಡಿ. ಹೃದಯದ ದೂರೂ ಹೀಗೇ ತಪ್ಪು ವಿಳಾಸದಿಂದ ಬರುತ್ತೆ.

1912ರಲ್ಲಿ ಕಲ್ಕತ್ತಾದ ಲಿಯೊನಾರ್ಡ್ ರೋಜರ್ಸ್ ಅಮೀಬಾ ವಿರುದ್ಧ ಎಮಿಟಿನ್ ಇಂಜೆಕ್ಷನ್ ತಂದ. ದೊಡ್ಡಪ್ಪನಿಗೆ ಸಿಕ್ಕಿದ್ದು ಮೆಟ್ರೊನಿಡಜೋಲ್, ಜೊತೆಗೆ ಸೂಜಿಯಿಂದ ಕೀವು ತೆಗೆದ್ರು. ಈಗ ಅಂಗಡಿಗೆ ಹೋಗ್ತಿದ್ದಾರೆ, ಮೂಟೆ ಮಾತ್ರ ನಾನೇ ಎತ್ಬೇಕು. ಮುಂದಿನ ವಾರ ಹೆಸರಘಟ್ಟದ ನೀರಿನ ಕಥೆ. ಸಿಗೋಣ.