ಕಂಟೋನ್ಮೆಂಟಿನ ಸಾವಿನ ಲೆಕ್ಕ: ದಂಡಿನ ಬ್ಯಾರಕ್ಕಿನಿಂದ ಬಾಣಂತಿ ವಾರ್ಡಿನವರೆಗೆ

ಸಿರುಗುಪ್ಪ, ಕುರುಗೋಡು ಕಡೆಯವರಿಗೆ ಬಳ್ಳಾರಿಯ ಕಂಟೋನ್ಮೆಂಟ್ ಅಂದರೆ ಮೊದಲು ನೆನಪಾಗುವುದು ವಿಮ್ಸ್ ಆಸ್ಪತ್ರೆ. ಬೋರ್ಡಿನ ಮೇಲೆ ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಇವತ್ತಿಗೂ ವಿಮ್ಸೇ. ಆದರೆ ಈ ಜಾಗಕ್ಕೆ ಕಂಟೋನ್ಮೆಂಟ್ ಅನ್ನುವ ಹೆಸರು ಬಂದಿದ್ದು ಸೈನ್ಯದಿಂದ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಇದು ದಂಡು.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿ ಕಲೆಕ್ಟರ್ ಆಗಿ ಬಂದ. ಮದ್ರಾಸ್ ಸೈನ್ಯದ ದೊಡ್ಡ ಠಾಣೆಗಳಲ್ಲಿ ಬಳ್ಳಾರಿಯೂ ಒಂದಾಯಿತು. ಆ ಕಾಲದಲ್ಲಿ ಭಾರತದ ದಂಡುಗಳಲ್ಲಿದ್ದ ಬ್ರಿಟಿಷ್ ಸೈನಿಕರು ಯುದ್ಧದಲ್ಲಿ ಸತ್ತದ್ದಕ್ಕಿಂತ ರೋಗದಿಂದ ಸತ್ತದ್ದೇ ಹೆಚ್ಚು. ಕಾಲರಾ, ರಕ್ತಭೇದಿ, ಜ್ವರ ಇವೇ ದೊಡ್ಡ ಶತ್ರುಗಳು.

ಕಾಗದದಲ್ಲಿ ಬಂದ ಪ್ರಶ್ನೆಗಳು

1857ರ ದಂಗೆಯ ನಂತರ ಬ್ರಿಟಿಷ್ ಸರ್ಕಾರ ಈ ಸಾವುಗಳ ಬಗ್ಗೆ ತಲೆ ಕೆಡಿಸಿಕೊಂಡಿತು. 1859ರಲ್ಲಿ ಒಂದು ರಾಯಲ್ ಕಮಿಷನ್ ನೇಮಿಸಿತು. ಅದರ ಹಿಂದೆ ನಿಂತವಳು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ನರ್ಸ್ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅವಳೇ. ಹೆಂಗಸು ಅನ್ನುವ ಕಾರಣಕ್ಕೆ ಅವಳಿಗೆ ಕಮಿಷನ್ನಿನಲ್ಲಿ ಕುರ್ಚಿ ಇರಲಿಲ್ಲ. ಭಾರತಕ್ಕೆ ಅವಳು ಒಮ್ಮೆಯೂ ಬರಲಿಲ್ಲ. ಆದರೂ ಭಾರತದ ಸೇನಾ ಠಾಣೆಗಳಿಗೆ ಪ್ರಶ್ನಾವಳಿ ಕಳಿಸುವ ವ್ಯವಸ್ಥೆ ಮಾಡಿದಳು. ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಕೊಳೆ ನೀರು ಎಲ್ಲಿಗೆ ಹೋಗುತ್ತದೆ? ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ? ಎಷ್ಟು ಜನ ಸತ್ತರು, ಯಾವ ರೋಗದಿಂದ?

ಉತ್ತರಗಳ ರಾಶಿ ಬಂತು. ಅದನ್ನು ಅವಳೊಬ್ಬಳೇ ಬಿಡಿಸಲಿಲ್ಲ. ಅಂಕಿ-ಅಂಶದಲ್ಲಿ ಪಳಗಿದ ವಿಲಿಯಂ ಫಾರ್, ನೈರ್ಮಲ್ಯ ಬಲ್ಲ ಡಾಕ್ಟರ್ ಜಾನ್ ಸದರ್ಲ್ಯಾಂಡ್ ಜೊತೆಗಿದ್ದರು. ಸರ್ಕಾರದೊಳಗೆ ಮಾತು ನಡೆಸಲು 1861ರಲ್ಲಿ ತೀರಿಕೊಳ್ಳುವವರೆಗೂ ಸಿಡ್ನಿ ಹರ್ಬರ್ಟ್ ಇದ್ದ. ಒಬ್ಬರಿಗೆ ಲೆಕ್ಕ ಗೊತ್ತು, ಒಬ್ಬರಿಗೆ ರೋಗ ಗೊತ್ತು, ಒಬ್ಬರಿಗೆ ಅಧಿಕಾರದ ದಾರಿ ಗೊತ್ತು. ಮೂವರನ್ನೂ ಒಂದೇ ಕೆಲಸಕ್ಕೆ ಹೂಡಿದ್ದೇ ಅವಳ ನಾಯಕತ್ವ.

1863ರ ವರದಿಯಲ್ಲಿ ಬಂದ ಸಂಖ್ಯೆ ಲಂಡನ್ನಿನವರನ್ನು ಬೆಚ್ಚಿಬೀಳಿಸಿತು. ಭಾರತದಲ್ಲಿ ಪ್ರತಿ 1000 ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 69 ಜನ ಸಾಯುತ್ತಿದ್ದರು. ಇದರಲ್ಲಿ ಸಹಜ ಸಾವು ಬರೀ 9, ಉಳಿದ 60 ತಪ್ಪಿಸಬಹುದಾದವು ಎಂದು ನೈಟಿಂಗೇಲ್ ಬರೆದಳು. ನೀರು, ಚರಂಡಿ, ಬ್ಯಾರಕ್ಕುಗಳ ಸುಧಾರಣೆ ಶುರುವಾಯಿತು. ಹತ್ತು ವರ್ಷದಲ್ಲಿ ಆ 69 ಇಳಿದು 18 ಆಯಿತೆಂದು ಅವಳೇ ಲೆಕ್ಕ ಕೊಟ್ಟಳು.

ಆದರೆ ಈ ಲೆಕ್ಕ ಹೊರಟಿದ್ದು ಸೈನಿಕರಿಗಾಗಿ. ದಂಡಿನ ಬೇಲಿಯ ಆಚೆ ಇದ್ದ ಊರುಗಳ ಸಾವು ಯಾರಿಗೂ ಅಷ್ಟು ದೊಡ್ಡದಾಗಿ ಕಾಣಲಿಲ್ಲ. 1876-78ರ ಬರದಲ್ಲಿ ಬಳ್ಳಾರಿ ಸೀಮೆ ತತ್ತರಿಸಿತು, ಹಸಿವು ಮತ್ತು ಕಾಲರಾ ಒಟ್ಟಿಗೆ ಬಂದವು. ಅಷ್ಟರಲ್ಲಿ ನೈಟಿಂಗೇಲಳ ಗಮನವೂ ಬ್ಯಾರಕ್ಕು ದಾಟಿ ಹಳ್ಳಿಗಳ ಕಡೆ ತಿರುಗಿತ್ತು. ಸುತ್ತಲಿನ ಊರು ಕೊಳೆಯಲ್ಲಿದ್ದರೆ ದಂಡು ಆರೋಗ್ಯವಾಗಿರಲು ಸಾಧ್ಯವಿಲ್ಲ ಅನ್ನುವುದು ಅವಳಿಗೆ ಮನವರಿಕೆಯಾಗಿತ್ತು. 1894ರಲ್ಲಿ ಭಾರತದ ಹಳ್ಳಿಗಳ ನೈರ್ಮಲ್ಯದ ಬಗ್ಗೆಯೇ ಪ್ರತ್ಯೇಕ ಪ್ರಬಂಧ ಬರೆದಳು.

ಜೊತೆಗೆ ನಿಂತು ಕಲಿಸುವುದು

ದಂಡು ಹೋಯಿತು. ಬಳ್ಳಾರಿಗೆ 1961ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಅದೇ ಮುಂದೆ ಕಂಟೋನ್ಮೆಂಟಿನ ವಿಮ್ಸ್ ಆಯಿತು. ದೊಡ್ಡಾಸ್ಪತ್ರೆ ಬಂತು, ಆದರೆ ಹೆರಿಗೆ ನೋವು ಶುರುವಾದಾಗ ಮೊದಲು ಸಿಗುವುದು ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ರಾತ್ರಿ ಎರಡು ಗಂಟೆಗೆ ಅಲ್ಲಿ ಇರುವವಳು ಒಬ್ಬ ಸ್ಟಾಫ್ ನರ್ಸ್. ರಕ್ತಸ್ರಾವ ಹೆಚ್ಚಾದರೆ, ಬಿಪಿ ಏರಿದರೆ ತೀರ್ಮಾನ ಅವಳದೇ.

ಈ ನರ್ಸುಗಳಿಗಾಗಿ ಉತ್ತರ ಕರ್ನಾಟಕದ 8 ಜಿಲ್ಲೆಗಳಲ್ಲಿ 'ಸುಕ್ಷೇಮ' ಎಂಬ ಯೋಜನೆ ನಡೆಯಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ ಮಾಡಿದ್ದು ಅದು. ಬಳ್ಳಾರಿ, ಗುಲ್ಬರ್ಗಾ ಜಿಲ್ಲೆಗಳ 108 ಆರೋಗ್ಯ ಕೇಂದ್ರಗಳನ್ನು ಆರಿಸಿ, ಅರ್ಧದಷ್ಟಕ್ಕೆ ಮಾರ್ಗದರ್ಶಕ ನರ್ಸ್‌ಗಳನ್ನು ಕಳಿಸಿ, ಉಳಿದ ಅರ್ಧದ ಜೊತೆ ಹೋಲಿಸಿ ನೋಡಿದರು. ಈ ಮಾರ್ಗದರ್ಶಕಿ ತಪಾಸಣೆಗೆ ಬರುವ ಮೇಲಧಿಕಾರಿಯಲ್ಲ. ಅವಳೂ ನರ್ಸೇ. ಹೆರಿಗೆ ಕೋಣೆಯಲ್ಲಿ ಜೊತೆಗೆ ನಿಂತು, ಕೇಸ್ ಶೀಟ್ ಒಟ್ಟಿಗೆ ತುಂಬಿ, ಯಾವ ಔಷಧಿ ಖಾಲಿಯಾಗಿದೆ ಎಂದು ಎಲ್ಲರನ್ನೂ ಕೂರಿಸಿ ಮಾತಾಡಿಸುವವಳು. ಹೀಗೆ ನಡೆದ ಕೇಂದ್ರಗಳಲ್ಲಿ ನರ್ಸುಗಳ ತಿಳಿವಳಿಕೆಯೂ ಕೇಂದ್ರದ ಸಿದ್ಧತೆಯೂ ಸುಧಾರಿಸಿದವು. ಬೈದು ಹೋಗುವವರ ಮುಂದೆ ಮುಚ್ಚಿಡುವ ಮಾತನ್ನು ಜೊತೆಗೆ ಕೆಲಸ ಮಾಡುವವರ ಮುಂದೆ ಹೇಳಬಹುದು. ಕಲಿಕೆ ಶುರುವಾಗುವುದು ಅಲ್ಲಿಂದಲೇ.

ಹಾಗಂತ ಕಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಇಂಥದೇ ಇನ್ನೊಂದು ಪ್ರಯೋಗ ನಡೆಯಿತು, ಫಲಿತಾಂಶ 2017ರಲ್ಲಿ ಹೊರಬಂತು. ಕೈ ತೊಳೆಯುವುದು, ಬಿಪಿ ನೋಡುವುದು ಮುಂತಾದ ಪಟ್ಟಿ ಕೊಟ್ಟು 8 ತಿಂಗಳು ಕೋಚಿಂಗ್ ಮಾಡಿದರು. ಕೋಚಿಂಗ್ ನಡೆದ ಕಡೆ ಮಾಡಬೇಕಾದ ಕ್ರಮಗಳಲ್ಲಿ ಶೇ 73ರಷ್ಟು ನಡೆದವು, ಉಳಿದ ಕಡೆ ಶೇ 42. ಕೋಚಿಂಗ್ ನಿಂತ ಮೇಲೆ ಆ 73 ಇಳಿದು 62 ಆಯಿತು. ತಾಯಿ-ಮಗುವಿನ ಸಾವಿನಲ್ಲಂತೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನರ್ಸಿನ ಕೈ ಎಷ್ಟೇ ಪಳಗಿದರೂ ರಕ್ತ, ಒಳ್ಳೆಯ ಔಷಧಿ, ಆಪರೇಷನ್ ಮಾಡುವ ಡಾಕ್ಟರು, ಸಮಯಕ್ಕೆ ಆಂಬುಲೆನ್ಸ್ ಇಲ್ಲದಿದ್ದರೆ ಜೀವ ಉಳಿಯುವುದು ಕಷ್ಟ.

2024ರ ನವೆಂಬರ್

ಈ ಮಾತು ಎಷ್ಟು ನಿಜ ಎಂದು ಬಳ್ಳಾರಿಯೇ ನೋಡಿತು. 2024ರ ನವೆಂಬರ್‌ನಲ್ಲಿ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಸಲೈನ್ ಬಾಟಲಿಯ ಮೇಲೆ. ಸರ್ಕಾರ ಆ ಸಲೈನ್ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ಕಂಪನಿಯ ಸಲೈನ್ ಬಗ್ಗೆ ಮೊದಲೇ ದೂರುಗಳಿದ್ದವು ಅನ್ನುವುದು ಆಗ ಹೊರಬಂತು.

ಬಾಟಲಿ ತಯಾರಿಸುವವರು, ಪರೀಕ್ಷಿಸುವ ಲ್ಯಾಬಿನವರು, ಖರೀದಿಸುವ ಅಧಿಕಾರಿಗಳು, ಗೋದಾಮಿನವರು, ಕೊನೆಗೆ ಚುಚ್ಚುವ ನರ್ಸ್. ಈ ಸರಪಳಿಯಲ್ಲಿ ಒಂದು ಕಡೆ ಬಂದ ದೂರು ಇನ್ನೊಂದು ಕಡೆ ಮುಟ್ಟದಿದ್ದರೆ ಹೊರೆ ಬೀಳುವುದು ಮಂಚದ ಮೇಲೆ ಮಲಗಿದವಳ ಮೇಲೆ. ಗೊತ್ತಿಲ್ಲದೆ ಆದ ತಪ್ಪು ಬೇರೆ, ಗೊತ್ತಿದ್ದೂ ಮುಚ್ಚಿಟ್ಟ ತಪ್ಪು ಬೇರೆ. ಮೊದಲನೆಯದನ್ನು ಹೇಳಿಕೊಂಡವರಿಗೆ ಭಯ ಇರಬಾರದು. ಎರಡನೆಯದಕ್ಕೆ ಶಿಕ್ಷೆ ತಪ್ಪಬಾರದು. ಆಸ್ಪತ್ರೆಯ ನೀತಿ ಅಂದರೆ ಇಷ್ಟೇ.

ಇವತ್ತು ಲೆಕ್ಕ ಕೇಳುವ ಹಕ್ಕು ಲಂಡನ್ನಿನ ಕಮಿಷನ್ನಿಗೆ ಮಾತ್ರ ಇಲ್ಲ, ನಮಗೂ ಇದೆ. ಗರ್ಭಿಣಿ ಇದ್ದಾಗ ಅಥವಾ ಹೆರಿಗೆಯಾಗಿ 42 ದಿನದೊಳಗೆ ಹೆಣ್ಣುಮಗಳು ತೀರಿಕೊಂಡರೆ ತಾಯಿ ಮರಣ ಪರಿಶೀಲನೆ ನಡೆಯಬೇಕು. ಸಾವಿನ ಸುದ್ದಿಯನ್ನು ಆಶಾ ಕಾರ್ಯಕರ್ತೆಗೆ ತಿಳಿಸಿ. ಆರೋಗ್ಯ ಸಿಬ್ಬಂದಿ ಮನೆಗೆ ಬಂದು ಕೇಳಿದಾಗ ಎಷ್ಟು ಗಂಟೆಗೆ ನೋವು ಬಂತು, ಗಾಡಿ ಎಷ್ಟು ಹೊತ್ತಿಗೆ ಸಿಕ್ಕಿತು, ಎಲ್ಲಿಂದ ಎಲ್ಲಿಗೆ ಕಳಿಸಿದರು, ಎಲ್ಲವನ್ನೂ ಹೇಳಿ. ಜಿಲ್ಲಾಧಿಕಾರಿ ನಡೆಸುವ ಪರಿಶೀಲನೆಗೆ ಮನೆಯವರನ್ನು ಕರೆಯಲು ನಿಯಮದಲ್ಲೇ ಜಾಗವಿದೆ. ಕರೆ ಬಂದರೆ ಹೋಗಿ, ಬರದಿದ್ದರೆ ಕೇಳಿ. ಚೀಟಿ, ಕೇಸ್ ಪೇಪರ್, ತಾಯಿ ಕಾರ್ಡ್ ಬಿಸಾಡಬೇಡಿ. ಮನೆಯವರು ಹೇಳುವ ಆ ವಿವರಗಳಿಂದಲೇ ಮುಂದಿನ ಬಾಣಂತಿಯ ಜೀವ ಉಳಿಯಬಹುದು.