ಟೋಪಿಯ ಸೂಜಿ ಮತ್ತು ನಿಂತುಹೋದ ಗಾಡಿ

ದಾರಿಯ ನಡುವೆ ಮೋಟಾರು ಗಕ್ಕನೆ ನಿಂತು, ಎಷ್ಟು ಯತ್ನಿಸಿದರೂ ಮತ್ತೆ ಹೊರಡದಿರುವುದು ನಮ್ಮ ಕಾಲದ ಸಣ್ಣ ಸಂಕಟಗಳಲ್ಲೊಂದು. ಈ ಸಂಕಟಕ್ಕೂ ಒಂದು ಚರಿತ್ರೆಯಿದೆ ಎಂದರೆ ಕೇಳುಗರಿಗೆ ಸೋಜಿಗವೆನಿಸೀತು. ಮೋಟಾರು ಗಾಡಿ ತನ್ನ ಮೊದಲ ದೂರಪ್ರಯಾಣದಲ್ಲಿಯೇ ಕೆಟ್ಟಿತು; ಅಂದೇ, ದಾರಿಯ ಮೇಲೆಯೇ, ಅದರ ದುರಸ್ತಿಯೂ ನಡೆಯಿತು. ದುರಸ್ತಿ ಮಾಡಿದಾಕೆ ಬರ್ತಾ ಬೆನ್ಸ್ ಎಂಬ ಜರ್ಮನ್ ಗೃಹಿಣಿ.

ಆಕೆಯ ಪತಿ ಕಾರ್ಲ್ ಬೆನ್ಸ್ ತನ್ನ ಮೂರು ಚಕ್ರದ ಗಾಡಿಗೆ 1886ರ ಜನವರಿ 29ರ ತಾರೀಖಿನ ಪೇಟೆಂಟು ಪಡೆದಿದ್ದ. ಆದರೆ ಕೊಳ್ಳುವವರಿರಲಿಲ್ಲ. ಅವನ ಕಾರ್ಖಾನೆಗೆ ಮೊದಲ ದಿನಗಳಲ್ಲಿ ಆಧಾರವಾದದ್ದು ಬರ್ತಾಳ ವರದಕ್ಷಿಣೆಯ ಹಣ. ಹಾಗಾಗಿ ಆ ಯಂತ್ರದ ಅಳಿವು ಉಳಿವು ಅವಳ ಮನೆಯ ಅಳಿವು ಉಳಿವೂ ಆಗಿತ್ತು. 1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ, ಗಂಡನಿಗೆ ತಿಳಿಸದೆ, ಅಯ್ಗೆನ್ ಮತ್ತು ರಿಖಾರ್ಡ್ ಎಂಬ ಇಬ್ಬರು ಮಕ್ಕಳೊಡನೆ ಆಕೆ ಮ್ಯಾನ್‌ಹೈಮಿನಿಂದ ತನ್ನ ತವರಾದ ಫೋರ್ಟ್ಸ್‌ಹೈಮಿಗೆ ಗಾಡಿಯನ್ನು ಹೊರಡಿಸಿದಳು. ದೂರ ನೂರು ಕಿಲೋಮೀಟರಿಗೂ ಮಿಗಿಲು. ಅದುವರೆಗೆ ಆ ಗಾಡಿಗಳು ಊರ ಸುತ್ತಮುತ್ತ ಓಡಾಡಿದ್ದಷ್ಟೇ.

ಅದರಲ್ಲಿ ಪ್ರತ್ಯೇಕ ಇಂಧನದ ತೊಟ್ಟಿಯಿರಲಿಲ್ಲ. ಕಾರ್ಬ್ಯುರೇಟರಿನಲ್ಲಿ ಹಿಡಿದ ಕೆಲವು ಲೀಟರೇ ಗತಿ. ವೀಸ್ಲೋಖ್ ಎಂಬ ಊರಿನಲ್ಲಿ ಔಷಧದಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೊಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಬೇಕಾಯಿತು. ಎಂಜಿನ್ನನ್ನು ತಣಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ಸಿಕ್ಕ ಸಿಕ್ಕಲ್ಲಿ ನೀರು ಹೊಯ್ಯಬೇಕು. ಇಷ್ಟೆಲ್ಲ ನಡೆದ ಮೇಲೂ, ಒಮ್ಮೆ ಇಂಧನದ ನಳಿಗೆ ಕಟ್ಟಿಕೊಂಡಿತು. ಬರ್ತಾ ತನ್ನ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ಇನ್ನೊಮ್ಮೆ ಕಿಡಿ ಒಯ್ಯುವ ತಂತಿಯ ಮೇಲ್ಹೊದಿಕೆ ಸವೆದುಹೋಯಿತು. ಕಾಲುಚೀಲ ಬಿಗಿಯುವ ಪಟ್ಟಿಯನ್ನೇ ಅದಕ್ಕೆ ಸುತ್ತಿದಳು.

ಕಥೆ ಹೇಳುವವರೆಲ್ಲ ಈ ಸೂಜಿ ಮತ್ತು ಪಟ್ಟಿಗಳನ್ನೇ ಚಪ್ಪರಿಸುತ್ತಾರೆ. ಹೆಣ್ಣಿನ ಉಡುಗೆಯ ಸಾಮಾನಲ್ಲವೆ! ವಿವರಗಳು ನಮಗೆ ಬಂದಿರುವುದು ಬಹುಮಟ್ಟಿಗೆ ಆ ಕುಟುಂಬದ ನೆನಪುಗಳಿಂದ. ಹೇಳಿ ಹೇಳಿ ಅವು ತುಸು ನಯವಾಗಿದ್ದರೂ ಇರಬಹುದು. ಆದರೆ ನನಗೆ ಮುಖ್ಯವೆನಿಸುವುದು ಸೂಜಿಗಿಂತ ಮೊದಲಿನ ಗಳಿಗೆ. ನಳಿಗೆ ಕಟ್ಟಿದರೂ ಎಂಜಿನ್ ಮೌನ. ಕಿಡಿ ಸೋರಿದರೂ ಅದೇ ಮೌನ. ಇಂಧನವೋ ಕಿಡಿಯೋ ಎಂದು ಮೊದಲು ನಿರ್ಧರಿಸದೆ ಸೂಜಿಯನ್ನು ಕೈಗೆತ್ತಿಕೊಂಡು ಫಲವಿಲ್ಲ. ಅದನ್ನು ಆಕೆಗೆ ಹೇಳಿಕೊಡಲು ದಾರಿಯಲ್ಲಿ ಒಬ್ಬನೇ ಒಬ್ಬ ಮೆಕ್ಯಾನಿಕ್ ಇರಲಿಲ್ಲ. ಆ ಕಸುಬೇ ಇನ್ನೂ ಹುಟ್ಟಿರಲಿಲ್ಲ. ಗಂಡನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕಣ್ಣಿಟ್ಟು ಕಲಿತ ವಿದ್ಯೆಯದು. ಅದನ್ನು ಬರಿಯ ಸಮಯಸ್ಫೂರ್ತಿ ಎಂದು ಕರೆಯುವುದು ಆಕೆಗೆ ಮಾಡುವ ಅನ್ಯಾಯ.

ಬ್ರೇಕಿನ ಮರದ ತುಂಡುಗಳಿಗೆ ಚಮ್ಮಾರನಿಂದ ತೊಗಲು ಹೊದಿಸಿದ್ದು, ಏರಿನಲ್ಲಿ ಮಕ್ಕಳು ಗಾಡಿ ತಳ್ಳಿದ್ದು, ಆಮೇಲೆ ಏರಿಗೆಂದೇ ಇನ್ನೊಂದು ಗೇರು ಸೇರಿದ್ದು, ಇವೆಲ್ಲ ಆ ಪ್ರಯಾಣದ ಫಲಗಳೇ.

ಇಂಧನವೋ ಕಿಡಿಯೋ ಎಂಬ ಆ ಪ್ರಶ್ನೆ ನಮ್ಮ ಅಂಬಾಸಡರ್ ಚಾಲಕರಿಗೂ ಬಾಯಿಪಾಠವಾಗಿತ್ತು. ಕಾರು ನಿಂತರೆ ಪ್ಲಗ್ಗಿನ ತಂತಿ ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದು, ನೀಲಿ ಕಿಡಿ ಹಾರುವುದೇ ಎಂದು ನೋಡುವರು. ಹಾರಿದರೆ ತಪ್ಪು ಪೆಟ್ರೋಲಿನ ಕಡೆಯದು. ಬೇಸಗೆಯಲ್ಲಿ ಘಟ್ಟವೇರುವಾಗ ಎಂಜಿನ್ನಿನ ಕಾವಿಗೆ ಪಂಪಿನಲ್ಲಿಯೂ ನಳಿಗೆಯಲ್ಲಿಯೂ ಪೆಟ್ರೋಲು ಕುದಿದು ಆವಿಯಾಗುತ್ತಿತ್ತು. ಪಂಪು ದ್ರವದ ಬದಲು ಆವಿಯನ್ನು ಎಳೆದು ಸೋಲುತ್ತಿತ್ತು. ಚಾಲಕ ಬಾನೆಟ್ಟು ತೆರೆದು ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬೀಡಿ ಹಚ್ಚಿ, ದೂರ ಹೋಗಿ ಕೂರುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ದೂರ ಹೋಗುವುದೂ ಜಾಣತನವೇ. 2014ರಲ್ಲಿ ಅಂಬಾಸಡರಿನ ತಯಾರಿಕೆ ನಿಂತಿತು.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಸಾಮಾನ್ಯವಾಗಿ ತೊಟ್ಟಿಯೊಳಗೇ ಇದ್ದು ಒತ್ತಡದಿಂದ ಇಂಧನವನ್ನು ನೂಕುವುದರಿಂದ ಆ ಕುದಿತ ಅಪರೂಪ. ಕಿಡಿಯ ಕಾಲವನ್ನು ಕಂಪ್ಯೂಟರ್ ನಿರ್ಣಯಿಸುತ್ತದೆ. ಎಂಜಿನ್ನಿನ ದಂಡ ತಿರುಗುತ್ತಿದೆಯೆಂದು ಅದಕ್ಕೆ ಸುದ್ದಿ ಕೊಡುವ ಒಂದು ಚಿಕ್ಕ ಸಂವೇದಕವಿದೆ. ಕಾವಿನಲ್ಲಿ ಅದು ಮೂಕವಾದರೆ ಬಹಳಷ್ಟು ಕಾರುಗಳಲ್ಲಿ ಕಿಡಿಯೂ ಇಂಧನವೂ ಒಟ್ಟಿಗೆ ನಿಲ್ಲುತ್ತವೆ. ತಣಿದ ಮೇಲೆ ಕಾರು ಏನೂ ಆಗದಂತೆ ಹೊರಡುತ್ತದೆ. ಗ್ಯಾರೇಜಿಗೆ ತಲುಪುವ ಹೊತ್ತಿಗೆ ರೋಗವೇ ಇಲ್ಲ. ಹಾಗಾಗಿ ಅನುಭವಿಯಾದ ಮೆಕ್ಯಾನಿಕ್ ಕಾರನ್ನು ಬೇಕೆಂದೇ ಓಡಿಸಿ ಬಿಸಿಮಾಡಿ, ಅದು ಮತ್ತೆ ನಿಲ್ಲುವುದನ್ನೇ ಕಾಯುತ್ತಾನೆ.